ಎಪ್ಪತ್ತೆರಡು ಕಣ್ಣಿನ ನಿಲುವಂಗಿ

ನಮ್ಮ ಅತ್ತಿಗೆ ಯಾರನ್ನೂ ನಂಬುವವರಲ್ಲ. ಗೋಡೆ ಗಡಿಯಾರ ಹತ್ತು ಹೊಡೆದರೆ ಕೈಗಡಿಯಾರ ನೋಡುತ್ತಾರೆ, ಕೈಗಡಿಯಾರ ನೋಡಿಕೊಂಡು ಪಕ್ಕದ ಮನೆಯವರನ್ನು ಕೇಳುತ್ತಾರೆ, ಅವರೂ ಹತ್ತು ಎಂದರೆ "ಎಲ್ಲ ಮೊದಲೇ ಮಾತಾಡಿಕೊಂಡ ಹಾಗಿದೆ" ಎನ್ನುತ್ತಾರೆ. ಅಂಥವರು ಮೂವತ್ತೊಂದು ವರ್ಷ ನನ್ನೊಬ್ಬಳನ್ನು ನಂಬಿದ್ದರು. ಆ ನಂಬಿಕೆ ಒಂದು ಮಧ್ಯಾಹ್ನ ಹೇಗೆ ಹೋಯಿತು ಎಂದು ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಡೀ ಬೀದಿಗೆ ಗೊತ್ತು.

ಅವರು ನನ್ನ ಅಣ್ಣನ ಹೆಂಡತಿ. ನಮ್ಮ ಮನೆಗೆ ಬಂದಾಗ ಅವರಿಗೆ ಇಪ್ಪತ್ತಮೂರು, ನನಗೆ ಹದಿನೆಂಟು. ನಮ್ಮಮ್ಮ ಕಸೂತಿ ಹಾಕಿ ಮನೆ ನಡೆಸಿದವಳು. ಸೊಸೆ ಬಂದ ವಾರಕ್ಕೇ ಅವಳ ಕೈಗೊಂದು ಸೂಜಿ ಕೊಟ್ಟು ಒಂದು ಎಲೆ ಹೊಲಿಸಿದಳು, ಆಮೇಲೆ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಅಮ್ಮ ಯಾವ ಹೊಲಿಗೆಯನ್ನೂ ಮೊದಲು ಮುಂದಿನಿಂದ ನೋಡಿದವಳಲ್ಲ. "ಮುಂದೆ ಇರೋದು ಊರಿಗೆ, ಹಿಂದೆ ಇರೋದು ನಿಜ" ಎನ್ನುತ್ತಿದ್ದಳು. ಅತ್ತಿಗೆಯ ಎಲೆ ಎರಡೂ ಕಡೆ ಒಂದೇ ರೀತಿ ಚೊಕ್ಕಟವಾಗಿತ್ತು. ನನ್ನದರ ಹಿಂದೆ ಕಾಗೆ ಗೂಡು. ಅಂದೇ ತೀರ್ಪಾಯಿತು: "ಇವಳ ಕೈಗೆ ಸೂಜಿ, ನಿನ್ನ ಕೈಗೆ ಪೆನ್ಸಿಲ್ಲು. ಅದಲುಬದಲು ಮಾಡಿದ್ರೆ ಬಟ್ಟೆ ಹಾಳು."

ಅಮ್ಮನದು ಇನ್ನೊಂದು ಕಟ್ಟಳೆ ಇತ್ತು. ದಿನದ ಕೊನೆಯ ಹೊಲಿಗೆ ಹಾಕುವಾಗ ತಲೆಯಿಂದ ಒಂದು ಕೂದಲು ಎಳೆದು, ಬಟ್ಟೆಯ ಹಿಂಬದಿಯಲ್ಲಿಟ್ಟು, ಅದರ ಮೇಲೆ ಹೊಲಿದು ಬಿಡುವುದು. "ಬಟ್ಟೆ ಅಂಗಡಿಯದು, ದಾರ ಅಂಗಡಿಯದು. ಕೂದಲಾದ್ರೂ ನಮ್ಮದಿರಲಿ" ಎನ್ನುತ್ತಿದ್ದಳು. ನಾನು ನಕ್ಕಿದ್ದೆ. ಅತ್ತಿಗೆ ನಗಲಿಲ್ಲ.

ಅಂದಿನಿಂದ ನಾನು ಬಟ್ಟೆಯ ಮೇಲೆ ನಮೂನೆ ಬರೆಯುವುದು, ಅವರು ಅದರ ಮೇಲೆ ಹೊಲಿಯುವುದು. ಮದುವೆಯ ಶಾಲು, ಬ್ಯಾಂಡಿನವರ ತೋಳುಪಟ್ಟಿ, ನಾಟಕದ ಪರದೆಯ ಅಂಚು, ಏನು ಬಂದರೂ ಸರಿ. ನಾನು ಮದುವೆಯಾಗಿ ಎರಡು ಬೀದಿ ಆಚೆ ಹೋದೆ, ಪೆನ್ಸಿಲ್ಲು ಮಾತ್ರ ತವರಲ್ಲೇ ಉಳಿಯಿತು. ಅಮ್ಮ ಹೋದ ಮೇಲೆ ಅವಳ ಕಣ್ಣು ಅತ್ತಿಗೆಗೆ ಬಂದಿತು ಎಂದು ಊರೆಲ್ಲ ಹೇಳಿತು. ಹೊಲಿಗೆ ನೋಡಿದರೆ ಸಾಕು, ಹೊಲಿದವಳು ಅವಸರದಲ್ಲಿದ್ದಳೋ, ಅಳುತ್ತಿದ್ದಳೋ ಎಂದು ಹೇಳಿಬಿಡುತ್ತಿದ್ದರು. ಒಂದು ಮದುವೆ ಮನೆಯಲ್ಲಿ ಬೀಗಿತ್ತಿಯ ಶಾಲಿನ ತುದಿ ಎತ್ತಿ ನೋಡಿ, "ಇದನ್ನ ಮೂರು ಜನ ಹೊಲಿದಿದ್ದಾರೆ. ಮಧ್ಯದವಳಿಗೆ ಹೊಲಿಗೆ ಬರಲ್ಲ" ಎಂದರು. ಮಧ್ಯದವಳು ಬೀಗಿತ್ತಿಯೇ ಆಗಿದ್ದಳು. ನಮಗೆ ಊಟಕ್ಕೆ ಕೊನೆಯ ಪಂಕ್ತಿ ಸಿಕ್ಕಿತು.

ಹೋದ ವರ್ಷ ಪ್ರದರ್ಶನದ ಮೇಡಂ ಎನ್ನುವವರು ಬಂದರು. ಮುಚ್ಚಿಹೋಗಿದ್ದ ಹಳೆಯ ನಾಟಕಶಾಲೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಆರು ಜನ ಕೈಕೆಲಸದವರಿಗೆ ಒಂದೇ ಹಳೆಯ ನಾಟಕ ಕೊಡುತ್ತಾರಂತೆ. ವೇಷವಿಲ್ಲ, ಮಾತಿಲ್ಲ. ಪ್ರತಿಯೊಬ್ಬರೂ ಕೈಯಾರೆ ಒಂದು ವಸ್ತು ಮಾಡಬೇಕು, ಆ ವಸ್ತುವೇ ನಾಟಕ ಆಡಬೇಕು. ನಾಟಕ ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಮುದಿ ದೊರೆಯೊಬ್ಬ ಎಲ್ಲರ ಮೇಲೂ ಅನುಮಾನ ಪಟ್ಟು ಮೂವತ್ತಾರು ಜನರನ್ನು ಒಬ್ಬೊಬ್ಬರಾಗಿ ಅರಮನೆಯಿಂದ ಅಟ್ಟುತ್ತಾನೆ. ಕೊನೆಗೆ ಒಬ್ಬನೇ ಉಳಿದು, ತನ್ನ ಹೆಜ್ಜೆ ಸಪ್ಪಳಕ್ಕೇ ಕತ್ತಿ ಹಿರಿಯುತ್ತಾನೆ. ನನಗೆ ಅದರ ಮೇಲಿನ ಐದಂಕದ ಪ್ರಶ್ನೆಗೆ ಎರಡಂಕ ಬಂದಿತ್ತು.

ಬೆತ್ತದವರು ಸಿಂಹಾಸನ ಹೆಣೆಯಲು ಒಪ್ಪಿದರು, ಕೂತರೆ ಕಿರ್ರೆನ್ನುವಂಥದ್ದು. ಮಡಕೆ ಮಾಡುವಾಕೆ ದೊರೆ ಮುಟ್ಟದೆ ಬಿಟ್ಟ ಲೋಟಗಳನ್ನು ಮಾಡುತ್ತೇನೆಂದಳು. ಅತ್ತಿಗೆ ಮಾತ್ರ ಮೇಡಂ ಹೋದ ಕೂಡಲೇ ಬಾಗಿಲು ಹಾಕಿ, "ನಮ್ಮ ನಮೂನೆ ಕದಿಯೋಕೆ ಬಂದಿದ್ದಾಳೆ ಕಣೇ, ಬರೆದಿಟ್ಕೋ" ಎಂದರು. ಮೂರು ದಿನ ಅದೇ ಮಾತು. ನಾಲ್ಕನೆಯ ದಿನ ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿದರು:

"ಆ ದೊರೆಗೆ ಒಂದು ನಿಲುವಂಗಿ. ಹೊರಗೆ ಸಾದಾ ಬಟ್ಟೆ, ಒಂದು ಹೂವೂ ಬೇಡ. ಒಳಬಟ್ಟೆ ತುಂಬ ಕಣ್ಣು. ಅವನು ಹೊರಗೆ ಹಾಕಿದ ಮೂವತ್ತಾರು ಜನದ್ದು. ಹಾಕ್ಕೊಂಡವನಿಗೆ ಮಾತ್ರ ಗೊತ್ತು, ತನ್ನನ್ನ ಯಾರು ನೋಡ್ತಿದ್ದಾರೆ ಅಂತ."

ನನ್ನ ಮೈ ಜುಮ್ಮೆಂದಿತು. ಎಪ್ಪತ್ತೆರಡು ಕಣ್ಣು. ಮಂತ್ರಿಗೆ ಬೆತ್ತದವರ ಕಣ್ಣು ಬರೆದೆ, ಬಾಗಿಲು ಕಾಯುವವನಿಗೆ ಅಣ್ಣನದು, ಅಡುಗೆಯವಳಿಗೆ ನನ್ನ ಓರಗಿತ್ತಿಯದು. ನಾಟಕದಲ್ಲಿ ಕೊನೆಗೆ ಹೊರಬೀಳುವವಳು ದೊರೆಯ ಬಾಲ್ಯದ ಒಡನಾಡಿ. "ಅದಕ್ಕೆ ಕನ್ನಡಿ ನೋಡ್ಕೊಂಡು ನಿನ್ನದೇ ಬರಿ" ಎಂದರು ಅತ್ತಿಗೆ. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಕೆಲಸದ ಕೋಣೆ ಅಚ್ಚುಕೂಟದ ಮೇಲಿದೆ. ಕೆಳಗೆ ಯಂತ್ರ ಓಡಿದರೆ ಮೇಲೆ ಕತ್ತರಿ ಮೇಜಿನ ಮೇಲೆ ಕುಣಿಯುತ್ತದೆ. ಕೋಣೆಗೆ ಎರಡು ಬೀಗದ ಕೈ, ಒಂದು ಅವರಲ್ಲಿ, ಒಂದು ನನ್ನಲ್ಲಿ. ಉದ್ದ ಬಟ್ಟೆಯನ್ನು ಚೌಕಟ್ಟಿನ ಎರಡು ಕೋಲಿಗೆ ಸುತ್ತಿ ಬಿಗಿದಿರುತ್ತೇವೆ. ಎದುರಿಗೆ ಕಾಣುವುದು ಒಂದೂವರೆ ಗೇಣು ಮಾತ್ರ. ಅಷ್ಟು ಮುಗಿದರೆ ಅದನ್ನು ಕಾಗದದ ಜೊತೆ ಈಚೆಯ ಕೋಲಿಗೆ ಸುತ್ತುವುದು, ಆಚೆಯಿಂದ ಹೊಸದನ್ನು ಬಿಡುವುದು. ಸುತ್ತಿದ್ದನ್ನು ಕೆಲಸ ಮುಗಿಯುವವರೆಗೆ ಬಿಚ್ಚುವುದಿಲ್ಲ, ಎಳೆ ಸಡಿಲವಾಗುತ್ತದೆ. ಎಂಟು ತಿಂಗಳು ಹೀಗೆ ನಡೆಯಿತು.

ಕೊನೆಯ ಮೂರು ತಿಂಗಳಲ್ಲಿ ನನಗೆ ಏನೋ ವಾಸನೆ ಹೊಡೆಯತೊಡಗಿತು. ಅತ್ತಿಗೆ ಚೌಕಟ್ಟನ್ನು ಕಿಟಕಿಗೆ ಆನಿಸಿ ಇಟ್ಟುಕೊಂಡರು. ಬೆಳಿಗ್ಗೆ ನಾನು ಬರುವ ಮುಂಚೆಯೇ ಬಂದು ಇಪ್ಪತ್ತು ಸೂಜಿಗೆ ದಾರ ಪೋಣಿಸಿಟ್ಟಿರುತ್ತಿದ್ದರು. ಆ ಸೂಜಿಗಳ ಕಣ್ಣು ಮೊದಲಿಗಿಂತ ದೊಡ್ಡದು. ಕೇಳಿದರೆ "ಅಂಗಡಿಯವನು ಮೋಸ ಮಾಡಿದ" ಎಂದರು. ನಾನು ಹತ್ತಿರ ಹೋದರೆ ಕೈ ನಿಲ್ಲಿಸಿ, "ಬೆಳಕಿಗೆ ಅಡ್ಡ ಬರಬೇಡ" ಎಂದು ಗದರುತ್ತಿದ್ದರು, ಮುಗಿದಷ್ಟನ್ನು ತಾವೇ ಸುತ್ತಿಕೊಳ್ಳುತ್ತಿದ್ದರು. ಒಂದು ದಿನ ಕಪ್ಪು ದಾರವಿರಬೇಕಾದ ಕಡೆ ಕಡುನೀಲಿ ಹೋಗಿಬಿಟ್ಟಿತ್ತು. "ಯಾರೋ ಡಬ್ಬಿ ಅದಲುಬದಲು ಮಾಡಿದ್ದಾರೆ" ಎಂದು ನನ್ನ ಮುಖವನ್ನೇ ನೋಡಿದರು. ನನಗೂ ಅನುಮಾನ ಹೊಕ್ಕಿತು. ಇವರೇನೋ ಮುಚ್ಚಿಡುತ್ತಿದ್ದಾರೆ. ಮೇಡಂ ಜೊತೆ ಒಳಗೊಳಗೇ ಮಾತಾಡಿ ಪ್ರದರ್ಶನದಲ್ಲಿ ನಿಲುವಂಗಿಯ ಪಕ್ಕ ಇಡುವ ಚೀಟಿಯಲ್ಲಿ ತಮ್ಮೊಬ್ಬರ ಹೆಸರೇ ಹಾಕಿಸುತ್ತಿರಬೇಕು ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಎನ್ನುತ್ತಾರಲ್ಲ, ನಮ್ಮ ಕೋಣೆಯಲ್ಲಿ ಆಗ ಎರಡು ಜೊತೆ ಕಾಮಾಲೆ ಕಣ್ಣಿದ್ದವು.

ಎಪ್ಪತ್ತು ಕಣ್ಣು ಮುಗಿದು ಕೊನೆಯ ಜೋಡಿ, ಅಂದರೆ ನನ್ನದು, ಉಳಿದಿದ್ದಾಗ ಮೇಡಂ ಅಳತೆಗೆ ಬಂದರು. ಬಟ್ಟೆ ಬಿಚ್ಚಲೇಬೇಕಾಯಿತು. ನಾನೊಂದು ತುದಿ, ಅತ್ತಿಗೆಯೊಂದು ತುದಿ ಹಿಡಿದು ಉದ್ದ ಮೇಜಿನ ಮೇಲೆ ಹಾಸಿದೆವು. ಎಂಟು ತಿಂಗಳಲ್ಲಿ ಮೊದಲ ಸಲ ಎಲ್ಲವೂ ಒಟ್ಟಿಗೆ ಕಂಡವು. ಮೊದಲ ನಲವತ್ತಾರು ಕಣ್ಣು ನೇರವಾಗಿ, ಅಳತೆ ತಪ್ಪದೆ, ಅತ್ತಿಗೆಯ ಕೈ ಎಂದು ಕೂಗಿ ಹೇಳುವಂತಿದ್ದವು. ಆಮೇಲಿನ ಇಪ್ಪತ್ತನಾಲ್ಕು ಬೇರೆಯೇ. ಎಳೆಗಳು ಒಂದಕ್ಕೊಂದು ಏರಿಕೊಂಡಿದ್ದವು. ಪಾಪೆಗಳು ನಾನು ಬರೆದ ಗೆರೆ ಬಿಟ್ಟು ಪಕ್ಕಕ್ಕೆ ಸರಿದು ಓರೆಯಾಗಿ ನೋಡುತ್ತಿದ್ದವು.

ಮೇಡಂ ಅಲ್ಲೇ ನಿಂತುಬಿಟ್ಟರು. "ಅಯ್ಯೋ, ಇವು ಎಷ್ಟು ಚೆನ್ನಾಗಿವೆ! ಮೊದಲಿನವು ಬರೀ ಕಣ್ಣು. ಇವು ನಿಜವಾಗ್ಲೂ ಅನುಮಾನ ಪಡ್ತಿವೆ. ಹೇಗೆ ಮಾಡಿದ್ರಿ?"

ಅತ್ತಿಗೆ ಬಟ್ಟೆಯ ಮೇಲೆ ಮೂಗು ತಾಗುವಷ್ಟು ಬಗ್ಗಿದರು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಮುಖ ಬಿಳುಚಿತು. ಮೇಡಂ ಅವರನ್ನು ಮೆಟ್ಟಿಲವರೆಗೆ ಬಿಟ್ಟು ಬಂದರು. ಆಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದರು.

"ಯಾವಾಗ ಬಿಚ್ಚಿದೆ?"

"ಏನನ್ನ?"

"ನನ್ನ ಹೊಲಿಗೇನ. ಬಿಚ್ಚಿ ನಿನ್ನ ಕೈಯಿಂದ ಹಾಕಿದ್ದೀಯ. ಇದು ನನ್ನ ಕೈಯಲ್ಲ. ಇನ್ನೊಬ್ಬರ ಕೈ ಕತ್ತಲಲ್ಲಿ ಮುಟ್ಟಿದರೂ ಹೇಳ್ತೀನಿ, ನನ್ನ ಕೈ ನನಗೆ ಗೊತ್ತಾಗಲ್ವಾ?"

"ಅತ್ತಿಗೆ, ತಲೆ ನೆಟ್ಟಗಿದೆಯಾ? ನಾನೇ ಬರೆದ ಗೆರೇನ ನಾನೇ ಬಿಟ್ಟು ಹೊಲೀತೀನಾ?"

"ಈ ಕೋಣೆಗೆ ಇರೋದು ಎರಡೇ ಬೀಗದ ಕೈ. ಮೂವತ್ತು ವರ್ಷ ಪೆನ್ಸಿಲ್ಲು ಹಿಡಿದು ಸಾಕಾಗಿತ್ತು, ಸೂಜಿ ಬೇಕಿತ್ತು, ಅಲ್ವಾ? ಹೊಗಳಿಸಿಕೊಂಡೆಯಲ್ಲ, ತೃಪ್ತಿಯಾಯ್ತಾ?"

ನನ್ನ ಮೈಯೆಲ್ಲ ಉರಿಯಿತು. ಅಮ್ಮನ ಮೇಲೆ ಆಣೆ ಇಟ್ಟೆ. ನಂಬಲಿಲ್ಲ. ಬೀಗದ ಕೈಯನ್ನು ಅವರ ಕಾಲ ಬುಡಕ್ಕೆ ಎಸೆದು, "ಆ ದೊರೆ ಮೂವತ್ತಾರು ಜನರನ್ನ ಓಡಿಸೋಕೆ ಐದು ಅಂಕ ತಗೊಂಡ, ನಿಮಗೆ ಒಂದು ಚಹಾ ಆರೋವಷ್ಟು ಹೊತ್ತು ಸಾಕಾಯ್ತು" ಎಂದು ಮೆಟ್ಟಿಲಿಳಿದೆ. ಬೀದಿ ತಿರುವಿನವರೆಗೂ ಅಳು ಬರಲಿಲ್ಲ. ತಿರುವಿನಲ್ಲಿ ಬಂತು.

ಸಂಜೆ ಅಣ್ಣ ಬಂದ. ರೇಡಿಯೋ ರಿಪೇರಿ ಮಾಡುವವನು, ಮಾತು ಕಡಿಮೆ. ಬಾಗಿಲಲ್ಲೇ ನಿಂತು ನೆಲ ನೋಡಿಕೊಂಡು, "ನೀನೇನಾದ್ರೂ ಮುಟ್ಟಿದ್ಯಾ?" ಎಂದ. ಅತ್ತಿಗೆಯ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಅವನಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ನನ್ನ ಹೆಸರು ಉಳಿಸಿಕೊಳ್ಳಬೇಕಾದರೆ ಕಳ್ಳರನ್ನು ನಾನೇ ಹಿಡಿಯಬೇಕಿತ್ತು. ಬೆತ್ತದವರ ಮೇಲೆ ಅನುಮಾನ ಪಟ್ಟು ಅವರ ಅಂಗಡಿಗೆ ಹೋಗಿ, "ಕೈ ತೋರಿಸಿ" ಎಂದೆ. ಬೆತ್ತ ಸೀಳಿ ಸೀಳಿ ಅವರ ಬೆರಳುಗಳು ಬದನೆಕಾಯಿಯಷ್ಟು ದಪ್ಪವಾಗಿದ್ದವು. ಸೂಜಿ ಹಿಡಿಯುವುದಿರಲಿ, ಹುಡುಕುವುದೂ ಕಷ್ಟ. "ಯಾಕಮ್ಮ, ಭವಿಷ್ಯ ಹೇಳ್ತೀಯಾ?" ಎಂದರು ಪಾಪ. ಮೇಡಂ ಮೇಲೆ ಪಟ್ಟೆ. ಅವರ ಕೋಟಿಗೆ ಗುಂಡಿಯ ಬದಲು ಪಿನ್ನು ಚುಚ್ಚಿತ್ತು, ಗುಂಡಿ ಹಾಕಿಕೊಳ್ಳಲಾರದವರು ಪಾಪೆ ಹೊಲಿಯುತ್ತಾರೆಯೇ? ಅಣ್ಣನ ಮೇಲೂ ಪಟ್ಟೆ, ಅರ್ಧ ಗಂಟೆ. ಹೀಗೆ ಒಬ್ಬೊಬ್ಬರನ್ನೇ ಅಟ್ಟುತ್ತಾ ಹೋದವಳಿಗೆ ನಾನು ಮಾಡುತ್ತಿರುವುದೇನು ಎಂದು ಹೊಳೆದು ನಗು ಬಂತು. ಎರಡಂಕ ಕೊಟ್ಟ ಮೇಷ್ಟ್ರು ನೋಡಬೇಕಿತ್ತು.

ಐದನೆಯ ದಿನ ಬೆಳಿಗ್ಗೆ ತಲೆ ಬಾಚುತ್ತಿದ್ದೆ. ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುವಾಗ ಅಮ್ಮನ ಕಟ್ಟಳೆ ಥಟ್ಟನೆ ನೆನಪಾಯಿತು. ಅತ್ತಿಗೆ ಅದನ್ನು ಒಂದು ದಿನವೂ ಬಿಟ್ಟವರಲ್ಲ. ಬಿಚ್ಚಿ ಮತ್ತೆ ಹೊಲಿದಿದ್ದರೆ ಹಿಂಬದಿಯಲ್ಲಿ ಕೂದಲು ಉಳಿದಿರುವುದಿಲ್ಲ. ಎಳೆ ಕತ್ತರಿಸುವಾಗ ಕಡಿದು ಉದುರಿಹೋಗುತ್ತದೆ, ಅದನ್ನು ಇದ್ದ ಹಾಗೇ ಉಳಿಸಲು ಯಾವ ಹರಿಬ್ರಹ್ಮ ಬಂದರೂ ಆಗದು. ಇದ್ದರೆ ನಾನು ನಿರಪರಾಧಿ. ಮಾರನೆಯ ದಿನವೇ ಆ ಬಟ್ಟೆ ದರ್ಜಿಯ ಹತ್ತಿರ ಹೋಗಿ ಹೊರಬಟ್ಟೆಗೆ ಅಂಟಿಕೊಳ್ಳುವುದಿತ್ತು. ಆಮೇಲೆ ಹಿಂಬದಿಯನ್ನು ಯಾರೂ ಎಂದೂ ನೋಡುವಂತಿರಲಿಲ್ಲ. ಅರ್ಧ ಬಾಚಿದ ತಲೆಯಲ್ಲೇ ಓಡಿದೆ.

ಬಾಗಿಲು ತಟ್ಟಿದೆ. ಅತ್ತಿಗೆ ಒಂದು ಸಂದಿ ತೆರೆದರು.

"ಯಾರು?"

"ನಾನು."

"ನಾನು ಅಂದ್ರೆ ಯಾರು?"

ಕೊಂಕು ಎಂದುಕೊಂಡು ಇನ್ನಷ್ಟು ಸಿಟ್ಟಾದೆ. "ನಿಮ್ಮ ಮನೆ ಕಳ್ಳಿ" ಎಂದು ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಬಟ್ಟೆ ಮೇಜಿನ ಮೇಲಿತ್ತು. ಹೇಳದೆ ಕೇಳದೆ ಅದನ್ನು ಮಗುಚಿ ಹಾಕಿದೆ. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿತ್ತು.

ಇತ್ತು. ಒಂದಲ್ಲ, ಎರಡಲ್ಲ. ಆ ಇಪ್ಪತ್ತನಾಲ್ಕು ಕಣ್ಣುಗಳ ಹಿಂದೆ, ಒಂದೊಂದು ದಿನದ ಕೊನೆಗೂ ಒಂದೊಂದು ಕೂದಲು. ಉದ್ದನೆಯ ಬಿಳಿ ಕೂದಲು, ಮೂರು ಹೊಲಿಗೆಯ ಕೆಳಗೆ, ಎಲ್ಲೂ ಕಡಿಯದೆ. ಗೆದ್ದೆ ಎಂದುಕೊಂಡೆ.

"ನೋಡಿ! ಕಣ್ಣು ಬಿಟ್ಟು ನೋಡಿ! ಕೂದಲು ಹೇಗಿದೆ ಹಾಗೇ ಇದೆ. ಬಿಚ್ಚಿದ್ರೆ ಇರ್ತಿತ್ತಾ?"

ಅತ್ತಿಗೆ ಬಂದರು. ಬಗ್ಗಿದರು. ನನ್ನ ಬೆರಳು ತೋರಿಸುತ್ತಿದ್ದ ಜಾಗವನ್ನೇ ದಿಟ್ಟಿಸಿದರು. ಬಿಳಿ ಬಟ್ಟೆಯ ಮೇಲೆ ಬಿಳಿ ಕೂದಲು ಬಿಸಿಲಿಗೆ ಮಿನುಗುತ್ತಿತ್ತು, ಅವರ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ. ತಲೆ ಎತ್ತಿದರು. ಮುಖದಲ್ಲಿ ಗೆದ್ದವರ ಕಳೆ.

"ಎಲ್ಲಿದೆ? ಏನೂ ಇಲ್ಲ! ನಾನು ಹೇಳಲಿಲ್ವಾ? ಒಂದು ಕೂದಲೂ ಇಲ್ಲ. ನಾನು ಹೊಲಿದಿದ್ರೆ ಕೂದಲು ಇಡದೆ ಎದ್ದೇಳ್ತಿದ್ನಾ? ಈಗಲಾದ್ರೂ ಒಪ್ಕೋ!"

ಕೆಳಗೆ ಅಚ್ಚಿನ ಯಂತ್ರ ಓಡುತ್ತಿತ್ತು. ಮೇಜಿನ ಮೇಲೆ ಕತ್ತರಿ ಕುಣಿಯುತ್ತಿತ್ತು. ದೊಡ್ಡ ಕಣ್ಣಿನ ಸೂಜಿ, ಕಿಟಕಿಗೆ ಆನಿಸಿದ ಚೌಕಟ್ಟು, ಕಡುನೀಲಿ ದಾರ, "ನಾನು ಅಂದ್ರೆ ಯಾರು", ಎಲ್ಲವೂ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು. ಇವರಿಗೆ ಕಾಣುತ್ತಿಲ್ಲ. ಎಷ್ಟು ತಿಂಗಳಿಂದಲೋ ಬೆರಳ ಅಂದಾಜಿನ ಮೇಲೆ ಹೊಲಿಯುತ್ತಿದ್ದಾರೆ. ಕೈ ಬದಲಾದದ್ದು ಒಂದೂವರೆ ಗೇಣಿನಲ್ಲಿ ತಿಳಿಯಲಿಲ್ಲ, ಹಾಸಿದ ದಿನ ಮಸುಕು ಕಣ್ಣಿಗೂ ಹೆಬ್ಬೆರಳಿಗೂ ತಿಳಿಯಿತು. ತಮ್ಮ ಕೈ ಕೆಟ್ಟಿತು ಎಂದು ನಂಬುವುದಕ್ಕಿಂತ ನಾನು ಕೆಟ್ಟವಳು ಎಂದು ನಂಬುವುದು ಸುಲಭವಾಯಿತು. ಐದು ದಿನ ಹೊತ್ತು ಮೆರೆಸಿದ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ನನಗೆ ಭಯವಾಯಿತು. ಸೂಜಿ ಬಿಟ್ಟರೆ ಈ ಹೆಂಗಸಿಗೆ ಬೇರೆ ಏನಿದೆ?

"ಹೌದು ಅತ್ತಿಗೆ" ಎಂದೆ. "ಕೂದಲಿಲ್ಲ. ನಾನೇ ಬಿಚ್ಚಿ ಹೊಲಿದದ್ದು. ತಪ್ಪಾಯ್ತು."

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ನನ್ನ ಮಾತು ಬಂದ ಕಡೆಗೆ ಕಿವಿ ಕೊಟ್ಟು ನಿಂತರು. ಜೀವಮಾನದಲ್ಲಿ ನಾನು ತಪ್ಪಾಯ್ತು ಎಂದದ್ದು ಅದೇ ಮೊದಲು, ಅಲ್ಲೇ ಎಡವಿದೆ. ಅವರ ಬಲಗೈ ಮೆಲ್ಲಗೆ ಬಟ್ಟೆಯ ಮೇಲೆ ಹೋಯಿತು. ಹೊಲಿಗೆಯ ಮೇಲೆ ನಡೆಯಿತು, ನಿಂತಿತು, ಹಿಂದಕ್ಕೆ ಬಂತು. ಉಗುರು ತುದಿಗೆ ಕೂದಲು ಸಿಕ್ಕಿತು. ಒಂದು ಸಲ ಮೀಟಿ ನೋಡಿದರು. ಮುಂದಿನ ಕಣ್ಣಿನ ಹಿಂದೆ ಹುಡುಕಿದರು, ಅಲ್ಲೂ ಇತ್ತು. ಅದರ ಮುಂದೆ, ಅಲ್ಲೂ.

ಸ್ಟೂಲಿನ ಮೇಲೆ ಕೂತರು.

"ಸುಳ್ಳಿ" ಎಂದರು ಕೊನೆಗೆ. ಧ್ವನಿ ಒಡೆದಿತ್ತು. "ನಿಮ್ಮಮ್ಮನ ಹಾಗೇ. ಸುಳ್ಳು ಹೇಳೋಕೂ ಬರಲ್ಲ."

ನಾನು ಅತ್ತೆ. ಅವರು ಅಳಲಿಲ್ಲ, ನೆಲದ ಮೇಲೆ ತಡವಿ ನನ್ನ ಬೀಗದ ಕೈ ಹುಡುಕಿದರು. ಐದು ದಿನದಿಂದ ಅದು ಬಿದ್ದಲ್ಲೇ ಬಿದ್ದಿತ್ತು. ಎತ್ತಿ ನನ್ನ ಕೈಗೆ ತುರುಕಿದರು. ಜೊತೆಗೆ ಒಂದು ಸೂಜಿ.

"ದಾರ ಪೋಣಿಸಿಕೊಡು. ಬೆಳಿಗ್ಗೆಯಿಂದ ಒಂದಕ್ಕೂ ಆಗಿಲ್ಲ. ಕೊನೇ ಜೋಡಿ ಉಳಿದಿದೆಯಲ್ಲ, ಅದರ ಗೆರೆ ಸ್ವಲ್ಪ ದಪ್ಪ ಮಾಡಿ ಬರಿ."

"ಆ ಇಪ್ಪತ್ತನಾಲ್ಕು ಬಿಚ್ಚೋಣವಾ?"

"ಬೇಡ. ಆ ಹೆಂಗಸಿಗೆ ಅವೇ ಇಷ್ಟ. ಅವಳಿಗೇನು ಗೊತ್ತು."

ನಾನು ದಪ್ಪಗೆ ಬರೆದೆ, ಅವರು ಹೊಲಿದರು. ಗೆರೆ ತಪ್ಪಿದಾಗ ನಾನು "ಎಡಕ್ಕೆ" ಎನ್ನುತ್ತಿದ್ದೆ, ಅವರು "ಗೊತ್ತು ಸುಮ್ನಿರು" ಎನ್ನುತ್ತಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. "ಅವರನ್ನ ಯಾರು ನಂಬ್ತಾರೆ?" ಎಂದರು. ಎರಡು ಹೊಲಿಗೆ ಹಾಕಿ, "ನೀನೂ ಒಳಗೆ ಬರೋದಾದ್ರೆ ನೋಡೋಣ" ಎಂದರು.

ಸಂಜೆ ನಾಲ್ಕಕ್ಕೆ ನನ್ನ ಕಣ್ಣು ಮುಗಿಯಿತು. ಎಡಗಡೆಯದು ತುಸು ಓರೆ. ಕೊನೆಯ ಹೊಲಿಗೆಗೆ ಮುಂಚೆ ಅತ್ತಿಗೆ ಅಂಗೈ ಚಾಚಿದರು.

"ಈ ಸಲ ನಿನ್ನದು ಕೊಡು."

ಅರ್ಧ ಬಾಚಿದ್ದ ತಲೆಯಿಂದ ಒಂದು ಕೂದಲು ಎಳೆದು ಕೊಟ್ಟೆ. ತುದಿಯವರೆಗೆ ಕಪ್ಪು, ಬುಡದಲ್ಲಿ ಅರ್ಧ ಬೆರಳು ಬಿಳಿ. ಅವರು ಅದನ್ನು ಮೂಸಿ ನೋಡಿದರು.

"ಬಣ್ಣ ಹಾಕಿದ್ದೀಯ. ಬಟ್ಟೆಗೆ ಬಿಡುತ್ತಾ?"

"ಬಿಡಲ್ಲ ಅಂತ ಡಬ್ಬಿ ಮೇಲೆ ಬರೆದಿದೆ."

"ಡಬ್ಬೀನ ಯಾರು ನಂಬ್ತಾರೆ" ಎನ್ನುತ್ತಾ ಅದನ್ನು ಬಟ್ಟೆಯ ಹಿಂದೆ ಇಟ್ಟು, ಬೆರಳಲ್ಲಿ ತಡವಿ ನೋಡಿ, ಮೇಲೆ ಮೂರು ಹೊಲಿಗೆ ಹಾಕಿದರು.